ಸಾಧನ ವಾಪಸ್ ಕರೆಸಿಕೊಂಡ ವರ್ಷವೂ ಮೇಲಿನವರಿಗೆ ಬೋನಸ್ ಹೇಗೆ ಸಿಗುತ್ತದೆ?

ಪ್ರಶ್ನೆ: ನಾನು ಎಂಬಿಎ ಓದುತ್ತಿದ್ದೇನೆ. ಫಿಲಿಪ್ಸ್ ಕಂಪನಿ ತನ್ನ ಉಸಿರಾಟದ ಮೆಷಿನ್‌ಗಳನ್ನು ಲಕ್ಷಗಟ್ಟಲೆ ವಾಪಸ್ ಕರೆಸಿಕೊಂಡ ವರ್ಷಕ್ಕೂ ಮೇಲಧಿಕಾರಿಗಳಿಗೆ ಬೋನಸ್ ಲೆಕ್ಕ ಹಾಕಿತ್ತು ಎಂದು ಕ್ಲಾಸಿನಲ್ಲಿ ಹೇಳಿದರು. ಇದು ಹೇಗೆ ಸಾಧ್ಯ? ಬೋರ್ಡು ಲೆಕ್ಕ ಕೇಳುವುದಿಲ್ಲವೇ? ಕಾನೂನು ಏನೂ ಮಾಡುವುದಿಲ್ಲವೇ?

ಉತ್ತರ:

ಬೋರ್ಡು ಲೆಕ್ಕ ಕೇಳುತ್ತದೆ. ಲೆಕ್ಕ ಕೇಳಿಯೇ ಬೋನಸ್ ಕೊಡುತ್ತದೆ. ಆ ಲೆಕ್ಕದಲ್ಲಿ ಏನು ಸೇರುತ್ತದೆ, ಏನನ್ನು ಹೊರಗಿಡುತ್ತಾರೆ ಅನ್ನುವುದರಲ್ಲೇ ಎಲ್ಲಾ ಇದೆ.

ನಾನು ಬೆಂಗಳೂರಿನಲ್ಲಿ ವೈದ್ಯಕೀಯ ಸಾಧನ ಮಾಡುವ ಕಂಪನಿಗಳ ಕ್ವಾಲಿಟಿ ವಿಭಾಗದಲ್ಲಿ ವರ್ಷಾನುಗಟ್ಟಲೆ ಕೆಲಸ ಮಾಡಿದ್ದೇನೆ. ಫಿಲಿಪ್ಸ್‌ನಲ್ಲಿ ಅಲ್ಲ. ಆಸ್ಪತ್ರೆಗಳಿಂದ ಬರುವ ದೂರುಗಳನ್ನು ಓದಿ, ಅದು ಸಾಧನದ ದೋಷವೋ ಅಲ್ಲವೋ ಎಂದು ನೋಡುವ ಕೆಲಸ. ಹಾಗಾಗಿ ಕೆಳಗಿನಿಂದ ನೋಡಿದರೆ ಇದು ಹೇಗೆ ಕಾಣುತ್ತದೆ ಅನ್ನುವುದನ್ನೂ ಹೇಳುತ್ತೇನೆ.

ಮೊದಲು ನೀವು ಹೇಳಿದ ಪ್ರಕರಣ. ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇರುವವರು ರಾತ್ರಿ ಮುಖಕ್ಕೆ ಮಾಸ್ಕ್ ಹಾಕಿಕೊಂಡು ಮಲಗುತ್ತಾರೆ. ಪಕ್ಕದಲ್ಲಿ ಇಟ್ಟ ಸಿಪ್ಯಾಪ್ ಮೆಷಿನ್ ಬೆಳಗಿನ ತನಕ ಗಾಳಿ ಊದುತ್ತಿರುತ್ತದೆ. ಸದ್ದು ಕಡಿಮೆ ಆಗಲಿ ಅಂತ ಫಿಲಿಪ್ಸ್‌ನ ಮೆಷಿನ್ ಒಳಗೆ ಒಂದು ಫೋಮ್ ಇಟ್ಟಿದ್ದರು. ಅದು ಪಾಲಿಯೆಸ್ಟರ್ ಜಾತಿಯ ಪಾಲಿಯುರೆಥೇನ್. ಈ ಜಾತಿಯ ಫೋಮ್ ಬಿಸಿ ಮತ್ತು ತೇವ ಎರಡೂ ಸೇರಿದರೆ ನಿಧಾನವಾಗಿ ಪುಡಿಯಾಗುತ್ತದೆ. ಸಿಪ್ಯಾಪ್ ಮೆಷಿನ್‌ನಲ್ಲಿ ಬಿಸಿಯೂ ಇದೆ, ತೇವವೂ ಇದೆ. ಆ ಪುಡಿ ಹೋಗುವ ದಾರಿ ನೇರವಾಗಿ ರೋಗಿಯ ಮೂಗಿಗೆ.

2021ರ ಜೂನ್ 14ರಂದು ಕಂಪನಿ ವಾಪಸಾತಿ ಪ್ರಕಟಿಸಿತು. ಕೊನೆಗೆ ಲೆಕ್ಕ ಸುಮಾರು 55 ಲಕ್ಷ ಮೆಷಿನ್‌ಗಳಿಗೆ ಬಂತು. ಅದೇ ವರ್ಷ ಅಮೆರಿಕದಲ್ಲಿ ಔಷಧಿ, ಸಾಧನಗಳ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆ ಎಫ್‌ಡಿಎಯ ಇನ್‌ಸ್ಪೆಕ್ಟರ್‌ಗಳು ಪೆನ್ಸಿಲ್ವೇನಿಯಾದ ಮರ್ರೀಸ್‌ವಿಲ್ ಕಾರ್ಖಾನೆಗೆ ಹೋಗಿ ಕಡತ ತೆಗೆಸಿದರು. ಫೋಮ್ ಹಾಳಾಗುವ ಬಗ್ಗೆ ಕಂಪನಿಗೆ ಗೊತ್ತಿತ್ತು ಅನ್ನುವುದಕ್ಕೆ 2016ರ ಏಪ್ರಿಲ್‌ನಿಂದ 2021ರ ಜನವರಿ ತನಕ ಕನಿಷ್ಠ 14 ವರದಿ, ಪರೀಕ್ಷೆಗಳು ಇದ್ದವು ಎಂದು ಅವರು ಬರೆದರು. ಈ ಐದು ವರ್ಷವೂ ಮೆಷಿನ್ ಮಾರಾಟ ಆಗುತ್ತಲೇ ಇತ್ತು.

ಕಂಪನಿಯ ಮಾತನ್ನೂ ಹೇಳಬೇಕು. ನಂತರ ಮಾಡಿಸಿದ ಪರೀಕ್ಷೆಗಳ ಪ್ರಕಾರ ರೋಗಿಗಳಿಗೆ ಹೇಳಿಕೊಳ್ಳುವಂಥ ಹಾನಿ ಆಗುವ ಸಾಧ್ಯತೆ ಇಲ್ಲ ಅನ್ನುವುದು ಫಿಲಿಪ್ಸ್ ನಿಲುವು. ಆ ಪರೀಕ್ಷೆಗಳು ಸಾಲದು ಅಂತ ಎಫ್‌ಡಿಎ ಹೇಳಿತು. 2024ರ ಏಪ್ರಿಲ್‌ನಲ್ಲಿ ಅಮೆರಿಕದ ರೋಗಿಗಳ ಕೇಸುಗಳಿಗೆ ಕಂಪನಿ 110 ಕೋಟಿ ಡಾಲರ್ ಕೊಡಲು ಒಪ್ಪಿತು, ತಪ್ಪು ಒಪ್ಪಿಕೊಳ್ಳದೆ.

ಈಗ ಬೋನಸ್ ವಿಷಯ. ಇಂಥ ದೊಡ್ಡ ಕಂಪನಿಯಲ್ಲಿ ಮುಖ್ಯಸ್ಥರ ವರ್ಷದ ಬೋನಸ್‌ನಲ್ಲಿ ದೊಡ್ಡ ಪಾಲು ಹಣಕಾಸಿನ ಗುರಿಗಳ ಮೇಲೆ ನಿಂತಿರುತ್ತದೆ. ಮಾರಾಟ ಎಷ್ಟು ಬೆಳೆಯಿತು, ಲಾಭದ ಪ್ರಮಾಣ ಎಷ್ಟು, ಕೈಗೆ ಎಷ್ಟು ನಗದು ಬಂತು. ಇದರಲ್ಲಿ ಲಾಭ ಅಂದರೆ ಬರೀ ಲಾಭ ಅಲ್ಲ, 'ಅಡ್ಜಸ್ಟೆಡ್' ಲಾಭ. ಮತ್ತೆ ಮತ್ತೆ ಬರದ ಖರ್ಚುಗಳನ್ನು ತೆಗೆದುಹಾಕಿ ಉಳಿಯುವ ಅಂಕಿ. ವಾಪಸಾತಿಯ ಖರ್ಚು ಇಂಥ ಖರ್ಚುಗಳ ಪಟ್ಟಿಗೆ ಹೋಗುತ್ತದೆ. ಫಿಲಿಪ್ಸ್ 2021ರಲ್ಲಿ ಈ ವಾಪಸಾತಿಗೆ ತೆಗೆದಿಟ್ಟ ಹಣ ಸುಮಾರು 71.9 ಕೋಟಿ ಯೂರೋ. ಹೂಡಿಕೆದಾರರಿಗೆ ಪ್ರತಿ ಮೂರು ತಿಂಗಳಿಗೊಮ್ಮೆ ತೋರಿಸುವ ಅಡ್ಜಸ್ಟೆಡ್ ಲಾಭದ ಅಂಕಿಯಲ್ಲಿ ಅದು ಇರಲಿಲ್ಲ.

ಒಂದು ಹೋಟೆಲಿನವರು ಹಳಸಿದ ಸಾಂಬಾರ್ ಮಾರಿ ಬಂದ ದುಡ್ಡನ್ನು ವ್ಯಾಪಾರದ ಲೆಕ್ಕಕ್ಕೆ ಸೇರಿಸಿಕೊಂಡು, ಅದನ್ನು ತಿಂದವರ ಆಸ್ಪತ್ರೆ ಖರ್ಚನ್ನು ಮಾತ್ರ 'ಇದು ಅಪರೂಪದ ಖರ್ಚು' ಅಂತ ಬೇರೆ ಪುಸ್ತಕದಲ್ಲಿ ಬರೆದರೆ ಹೇಗೋ ಹಾಗೆ. ಎರಡೂ ಒಂದೇ ಸಾಂಬಾರಿನದ್ದು ಅಲ್ವಾ?

ಬೋರ್ಡಿನವರು ಇದಕ್ಕೆ ಒಂದು ಕಾರಣ ಕೊಡುತ್ತಾರೆ. ಅದನ್ನು ಸುಮ್ನೆ ತಳ್ಳಿಹಾಕುವಂತಿಲ್ಲ. ಸಾಧನವನ್ನು ವಿನ್ಯಾಸ ಮಾಡಿದವರು ಬೇರೆ, ಈಗ ಕುರ್ಚಿಯಲ್ಲಿ ಇರುವವರು ಬೇರೆ. ಹಳೆಯ ತಪ್ಪಿನ ಖರ್ಚನ್ನು ಇವರ ತಲೆಗೆ ಕಟ್ಟಿದರೆ ನಾಳೆ ಯಾವ ಮುಖ್ಯಸ್ಥನೂ ವಾಪಸಾತಿಗೆ ಸಹಿ ಹಾಕುವುದಿಲ್ಲ, ದೋಷ ಮುಚ್ಚಿಡಲು ಇನ್ನೂ ಜಾಸ್ತಿ ಆಸೆ ಹುಟ್ಟುತ್ತದೆ. ಈ ವಾದದಲ್ಲಿ ನಿಜ ಇದೆ. ಆದರೆ ಅದು ಅರ್ಧಕ್ಕೇ ನಿಲ್ಲುತ್ತದೆ. ಹಳೆಯ ದೋಷದ ಖರ್ಚು ಇವರದ್ದಲ್ಲ ಅನ್ನುವುದಾದರೆ, ಆ ದೋಷವಿದ್ದ ಮೆಷಿನ್ ಮಾರಿ ಐದು ವರ್ಷ ಬಂದ ಲಾಭ ಮಾತ್ರ ಇವರದ್ದು ಹೇಗಾಯಿತು? ಅದೂ ಫಿಲಿಪ್ಸ್‌ನಲ್ಲಿ ಕುರ್ಚಿ ಬದಲಾಗಿರಲೇ ಇಲ್ಲ. ಫ್ರಾನ್ಸ್ ವಾನ್ ಹೌಟೆನ್ 2011ರಿಂದ ಮುಖ್ಯಸ್ಥರಾಗಿದ್ದರು. ಆ 14 ವರದಿಗಳ ಕಾಲ ಪೂರ್ತಿ ಅವರ ಅವಧಿಯಲ್ಲೇ ಬರುತ್ತದೆ. ಅವರು ಆ ವರದಿಗಳನ್ನು ಓದಿದ್ದರು ಅಂತ ನಾನು ಹೇಳುತ್ತಿಲ್ಲ. ಆ ವರ್ಷಗಳ ಸಂಬಳದ ಲೆಕ್ಕ ಅವರ ಹೆಸರಿನಲ್ಲಿ ನಡೆದಿತ್ತು ಅಂತಷ್ಟೇ ಹೇಳುತ್ತಿದ್ದೇನೆ.

ಈ ಸಲ ಷೇರುದಾರರು ಸುಮ್ಮನಿರಲಿಲ್ಲ. 2022ರ ಮೇ ತಿಂಗಳ ಸಭೆಯಲ್ಲಿ 2021ರ ಸಂಬಳ ವರದಿಯ ವಿರುದ್ಧ ಸುಮಾರು ಶೇ. 80 ಮತ ಬಿತ್ತು. ಇಷ್ಟು ದೊಡ್ಡ ಕಂಪನಿಯಲ್ಲಿ ಇದು ಸಣ್ಣ ಮಾತಲ್ಲ. ಆದರೆ ಫಿಲಿಪ್ಸ್ ನೆದರ್‌ಲ್ಯಾಂಡ್ಸ್ ಕಂಪನಿ, ಅಲ್ಲಿನ ಕಾನೂನಿನಲ್ಲಿ ಆ ವರದಿಯ ಮೇಲಿನ ಮತ ಬರೀ ಸಲಹೆ. ಬೋರ್ಡು ಅದನ್ನು ಪಾಲಿಸಲೇಬೇಕು ಅಂತ ಇಲ್ಲ. ಅಕ್ಟೋಬರ್‌ನಲ್ಲಿ ವಾನ್ ಹೌಟೆನ್ ಅವಧಿಗೆ ಮೊದಲೇ ಹೊರಟರು. ಉಸಿರಾಟ ವಿಭಾಗವೂ ಸೇರಿದ್ದ ವ್ಯವಹಾರವನ್ನು 2020ರಿಂದ ನೋಡಿಕೊಳ್ಳುತ್ತಿದ್ದ ರಾಯ್ ಯಾಕೋಬ್ಸ್ ಆ ಜಾಗಕ್ಕೆ ಬಂದರು. ಅದೇ ತಿಂಗಳು 4,000 ಕೆಲಸ ಕಡಿತ ಪ್ರಕಟವಾಯಿತು. 2023ರ ಜನವರಿಯಲ್ಲಿ ಇನ್ನೂ 6,000. ಬೆಂಗಳೂರಿನಲ್ಲಿ ಫಿಲಿಪ್ಸ್‌ಗೆ 1996ರಿಂದಲೂ ದೊಡ್ಡ ಕೇಂದ್ರ ಇದೆ. ನಮ್ಮ ಕ್ಷೇತ್ರದಲ್ಲಿ ಇರುವವರಿಗೆಲ್ಲ ಅಲ್ಲಿ ಯಾರಾದರೂ ಗೊತ್ತಿರುವವರು ಇದ್ದೇ ಇರುತ್ತಾರೆ. ಫೋಮ್ ಆರಿಸುವುದರಲ್ಲಿ ಯಾವ ಕೈಯೂ ಇಲ್ಲದ ಎಂಜಿನಿಯರ್‌ಗಳು ಆ ತಿಂಗಳುಗಳಲ್ಲಿ ಎಷ್ಟು ಆತಂಕದಲ್ಲಿ ಇದ್ದರು ಅನ್ನುವುದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ನನಗೆ ಸಿಟ್ಟು ಬರುವುದು ಇಲ್ಲಿ.

ಮೇಲಿನವರ ಈ ಲೆಕ್ಕ ಅಲ್ಲೇ ನಿಲ್ಲುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಕೆಳಗೆ ಇಳಿಯುತ್ತದೆ. ಇದು ಪೇಪರಿನಲ್ಲಿ ಬರುವುದಿಲ್ಲ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಒಂದು ದೂರು ಬರುತ್ತದೆ ಅಂದುಕೊಳ್ಳಿ. ಡ್ರಿಪ್ ಪಂಪ್ ನಿಂತುಹೋಯಿತು, ಅಲಾರಂ ಕೂಗಲಿಲ್ಲ, ನರ್ಸ್ ರೌಂಡ್ಸ್‌ಗೆ ಬಂದಾಗಲೇ ಗೊತ್ತಾಯಿತು. ದೂರು ನಮ್ಮ ಸ್ಕ್ರೀನಿಗೆ ಬರುವ ಹೊತ್ತಿಗೆ ಆಸ್ಪತ್ರೆಯಿಂದ ಡಿಸ್ಟ್ರಿಬ್ಯೂಟರ್, ಡಿಸ್ಟ್ರಿಬ್ಯೂಟರ್‌ನಿಂದ ಸರ್ವಿಸ್ ಎಂಜಿನಿಯರ್ ಅಂತ ಕೈ ಬದಲಾಗಿ ಎರಡು ಸಾಲಾಗಿರುತ್ತದೆ. ಅದಕ್ಕೆ ನಾವು ಒಂದು ಕೋಡ್ ಹಾಕಬೇಕು. 'ಬಳಸಿದವರ ತಪ್ಪು, ಬ್ಯಾಟರಿ ಚಾರ್ಜ್ ಇರಲಿಲ್ಲ' ಅಂತ ಹಾಕಿದರೆ ಕಡತ ಅವತ್ತೇ ಕ್ಲೋಸ್. 'ಸಾಧನದ ದೋಷ ಇರಬಹುದು' ಅಂತ ಹಾಕಿದರೆ ಪಂಪ್ ತರಿಸಬೇಕು, ಬಿಚ್ಚಿ ನೋಡಬೇಕು, ಡಾಕ್ಟರ ಅಭಿಪ್ರಾಯ ಬೇಕು, ಸರ್ಕಾರಕ್ಕೆ ವರದಿ ಮಾಡಬೇಕೋ ಬೇಡವೋ ಅಂತ ತೀರ್ಮಾನ ಆಗಬೇಕು. ಕಡತ ತಿಂಗಳುಗಟ್ಟಲೆ ಓಪನ್ ಇರುತ್ತದೆ.

ನಾನಿದ್ದ ಒಂದು ಕಡೆ, ಎಷ್ಟು ಕಡತ 30 ದಿನದೊಳಗೆ ಕ್ಲೋಸ್ ಆಯಿತು ಅನ್ನುವುದರ ಮೇಲೆ ಟೀಮಿನ ವೇರಿಯಬಲ್ ಪೇ ನಿಂತಿತ್ತು. ನಮ್ಮ ಹಿರಿಯ ಮೇಡಂ ಒಬ್ಬರು ಇಂಥ ಕಡತ ಬಂದಾಗೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಆ ನರ್ಸ್ ಹತ್ರ ಯಾರಾದ್ರೂ ಮಾತಾಡಿದ್ರಾ?"

"ಇಲ್ಲ ಮೇಡಂ, ಡಿಸ್ಟ್ರಿಬ್ಯೂಟರ್ ಹತ್ರ ಮಾತಾಡಿದ್ವಿ."

"ಹಾಗಾದ್ರೆ ಇದನ್ನ ಮುಚ್ಚೋ ಹಾಗಿಲ್ಲಪ್ಪ."

ತಿಂಗಳ ಕೊನೆಯ ಮೀಟಿಂಗಿನಲ್ಲಿ ಅವರ ಟೀಮಿನ ಸಾಲು ಕೆಂಪಾಗಿ ಕಾಣುತ್ತಿತ್ತು. ಪಕ್ಕದ ಟೀಮಿನದು ಹಸಿರು. ವರ್ಷದ ಕೊನೆಗೆ ಅವರ ರೇಟಿಂಗ್ ಇಳಿಯಿತು. ಯಾರೂ ಅವರಿಗೆ 'ಸುಳ್ಳು ಬರಿ' ಅಂತ ಹೇಳಲಿಲ್ಲ. ಹೇಳುವ ಅಗತ್ಯವೇ ಬೀಳುವುದಿಲ್ಲ. ಕಡತ ಬೇಗ ಮುಚ್ಚಿದವರಿಗೆ ದುಡ್ಡು ಸಿಗುವ ಕಡೆ ಉಳಿದವರು ಎರಡೇ ವರ್ಷದಲ್ಲಿ ಪಾಠ ಕಲಿಯುತ್ತಾರೆ. ಮೇಲಿನವರಿಗೆ ದೋಷಗಳ ಸಂಖ್ಯೆ ಕಡಿಮೆ ಕಾಣುತ್ತದೆ. 'ನನಗೆ ಗೊತ್ತಿರಲಿಲ್ಲ' ಅಂತ ಅವರು ನಂತರ ಹೇಳಿದರೆ ಅದು ನಿಜವೇ ಆಗಿರಬಹುದು. ಗೊತ್ತಾಗದ ಹಾಗೆ ಲೆಕ್ಕ ಕಟ್ಟಿದವರು ಯಾರು ಅನ್ನುವುದನ್ನು ಮಾತ್ರ ಯಾರೂ ಕೇಳುವುದಿಲ್ಲ.

ಇದು ನಮ್ಮೊಬ್ಬರ ಕಡೆಯ ಕಥೆಯಲ್ಲ. ಅಮೆರಿಕದ ಗೈಡೆಂಟ್ ಕಂಪನಿಯ ಪ್ರಕರಣ ಓದಿ. ಹೊಟ್ಟೆಯ ಮಹಾಪಧಮನಿ ಊದಿಕೊಂಡಾಗ ಒಳಗೆ ಕೂರಿಸುವ ಆಂಕ್ಯೂರ್ ಅನ್ನುವ ಸಾಧನ ಅವರದ್ದು. ಅದನ್ನು ಕೂರಿಸುವ ಉಪಕರಣ ಒಳಗೆ ಸಿಕ್ಕಿಹಾಕಿಕೊಳ್ಳುತ್ತಿತ್ತು. ಸರ್ಕಾರಕ್ಕೆ ಕೊಟ್ಟ ದೂರು ವರದಿಗಳು 172. ಕೊಡದೆ ಉಳಿಸಿಕೊಂಡದ್ದು 2,628. ಅವುಗಳಲ್ಲಿ 12 ಸಾವುಗಳು. ಇದು ಹೊರಬಿದ್ದದ್ದು 2000ದಲ್ಲಿ ಏಳು ಜನ ನೌಕರರು ಹೆಸರು ಹಾಕದೆ ಎಫ್‌ಡಿಎಗೆ ಬರೆದ ಪತ್ರದಿಂದ. 2003ರಲ್ಲಿ ಅದರ ಅಂಗಸಂಸ್ಥೆ ತಪ್ಪು ಒಪ್ಪಿಕೊಂಡು 9.24 ಕೋಟಿ ಡಾಲರ್ ಕಟ್ಟಿತು.

ಅಷ್ಟಾದ ಮೇಲೆ ಪಾಠ ಕಲಿತರಾ? ಹೃದಯ ನಿಂತಾಗ ಶಾಕ್ ಕೊಡುವ ಅವರದ್ದೇ ಇನ್ನೊಂದು ಸಾಧನದಲ್ಲಿ ಶಾರ್ಟ್ ಸರ್ಕ್ಯೂಟ್ ಆಗುವ ದೋಷ ಇತ್ತು. 2002ರಲ್ಲೇ ಗೊತ್ತಾಗಿ ವಿನ್ಯಾಸ ಸರಿಮಾಡಿದರು. ಆದರೆ ಹಳೆಯ ಸ್ಟಾಕ್ ಮಾರುವುದನ್ನು ನಿಲ್ಲಿಸಲಿಲ್ಲ, ಡಾಕ್ಟರುಗಳಿಗೂ ಹೇಳಲಿಲ್ಲ. 2005ರ ಮಾರ್ಚ್‌ನಲ್ಲಿ 21 ವರ್ಷದ ಒಬ್ಬ ಕಾಲೇಜು ಹುಡುಗ ಯೂಟಾದಲ್ಲಿ ಸೈಕಲ್ ಓಡಿಸುತ್ತಿದ್ದಾಗ ಸತ್ತ. ಎದೆಯೊಳಗಿದ್ದ ಸಾಧನ ಕೆಲಸ ಮಾಡಲಿಲ್ಲ. ಮಿನಿಯಾಪೊಲಿಸ್‌ನ ಹೃದ್ರೋಗ ವೈದ್ಯರಾದ ಬ್ಯಾರಿ ಮ್ಯಾರನ್ ಮತ್ತು ರಾಬರ್ಟ್ ಹೌಸರ್ ಎಲ್ಲರಿಗೂ ತಿಳಿಸಿ ಎಂದು ಕಂಪನಿಯನ್ನು ಕೇಳಿಕೊಂಡರು. ಕಂಪನಿ ಒಪ್ಪಲಿಲ್ಲ. ಅವರು ಪತ್ರಿಕೆಗೆ ಹೋದರು.

ಆ ತಿಂಗಳುಗಳಲ್ಲಿ ಗೈಡೆಂಟ್ ಮಾರಾಟದ ಮಾತುಕತೆಯಲ್ಲಿತ್ತು ಅನ್ನುವುದನ್ನು ಗಮನಿಸಿ. ಸುದ್ದಿ ಹೊರಬಿದ್ದ ಮೇಲೂ 2006ರಲ್ಲಿ ಬಾಸ್ಟನ್ ಸೈಂಟಿಫಿಕ್ ಅದನ್ನು ಸುಮಾರು 2,700 ಕೋಟಿ ಡಾಲರ್‌ಗೆ ಕೊಂಡಿತು. ಕಂಪನಿ ಕೈ ಬದಲಾದಾಗ ಷೇರು, ಆಪ್ಷನ್ (ಮೊದಲೇ ಗೊತ್ತುಮಾಡಿದ ಬೆಲೆಗೆ ಷೇರು ಕೊಳ್ಳುವ ಹಕ್ಕು) ಇದ್ದವರಿಗೆಲ್ಲ ದುಡ್ಡು ಬರುತ್ತದೆ. ಮೇಲಿನವರ ಹತ್ತಿರ ಅದು ಜಾಸ್ತಿ ಇರುತ್ತದೆ. ಮಾಹಿತಿ ಮುಚ್ಚಿಟ್ಟದ್ದಕ್ಕೆ ಕ್ರಿಮಿನಲ್ ಕೇಸ್ ಮುಗಿದದ್ದು 2011ರಲ್ಲಿ, 29.6 ಕೋಟಿ ಡಾಲರ್ ದಂಡದೊಂದಿಗೆ. ಮೊದಲ ಸಲ ಒಪ್ಪಂದ ಮುಂದೆ ಬಂದಾಗ ನ್ಯಾಯಾಧೀಶ ಡೊನೊವನ್ ಫ್ರಾಂಕ್ ಒಪ್ಪಿರಲಿಲ್ಲ, ಇದರಲ್ಲಿ ಹೊಣೆಗಾರಿಕೆ ಸಾಲದು ಅಂದಿದ್ದರು. ದಂಡ ಕಟ್ಟಿದ್ದು ಹೊಸ ಮಾಲೀಕರ ದುಡ್ಡಿನಿಂದ. ಯಾವ ಅಧಿಕಾರಿಯ ಮೇಲೂ ಕೇಸ್ ಇರಲಿಲ್ಲ.

ಕಾನೂನಿನ ಪ್ರಶ್ನೆಗೆ ಬರುತ್ತೇನೆ. ಕೊಟ್ಟ ಬೋನಸ್ ವಾಪಸ್ ತೆಗೆದುಕೊಳ್ಳುವ ನಿಯಮ ಇದೆ. ಅಮೆರಿಕದಲ್ಲಿ 2002ರ ಸಾರ್ಬೇನ್ಸ್-ಆಕ್ಸ್ಲಿ ಕಾಯ್ದೆಯಿಂದ ಶುರುವಾಗಿ, 2023ರಿಂದ ಷೇರುಪೇಟೆಯಲ್ಲಿ ಲಿಸ್ಟ್ ಆದ ಬಹುತೇಕ ಎಲ್ಲ ಕಂಪನಿಗಳಿಗೂ ಕಡ್ಡಾಯವಾಗಿದೆ. ಆದರೆ ಅದು ಯಾವಾಗ ಅನ್ವಯಿಸುತ್ತದೆ? ಲೆಕ್ಕಪತ್ರ ತಪ್ಪಾಗಿ, ತಿದ್ದಿ ಮತ್ತೆ ಪ್ರಕಟಿಸಬೇಕಾಗಿ ಬಂದಾಗ. ಅದೂ ಹಿಂದಿನ 3 ವರ್ಷದ ಬೋನಸ್‌ಗೆ ಮಾತ್ರ. ನಮ್ಮ 2013ರ ಕಂಪನಿ ಕಾಯ್ದೆಯ ಸೆಕ್ಷನ್ 199 ಕೂಡ ಲೆಕ್ಕಪತ್ರ ತಿದ್ದಬೇಕಾಗಿ ಬಂದ ಸಂದರ್ಭಕ್ಕೇ ಸೀಮಿತ. ಅಂದರೆ ಲಾಭದ ಅಂಕಿ ತಪ್ಪಿದ್ದರೆ ಬೋನಸ್ ವಾಪಸ್ ಬರಬಹುದು. ಅಂಕಿ ಸರಿಯಿದ್ದು ಸಾಧನ ತಪ್ಪಿದ್ದರೆ ಈ ಕಾನೂನುಗಳು ಬೋನಸ್ ಮುಟ್ಟುವುದಿಲ್ಲ. ರೋಗಿಗೆ ಆದ ಹಾನಿ ಇವುಗಳ ಕಣ್ಣಿಗೇ ಬೀಳುವುದಿಲ್ಲ.

3 ವರ್ಷ ಅನ್ನುವುದು ಈ ಉದ್ಯಮಕ್ಕೆ ಏನೇನೂ ಸಾಲದು. ಜಾನ್ಸನ್ ಅಂಡ್ ಜಾನ್ಸನ್‌ನ ಎಎಸ್‌ಆರ್ ಅನ್ನುವ ಕೃತಕ ಸೊಂಟದ ಕೀಲು ನೆನಪಿರಬಹುದು. ಲೋಹಕ್ಕೆ ಲೋಹ ಉಜ್ಜಿ ರಕ್ತಕ್ಕೆ ಕೋಬಾಲ್ಟ್, ಕ್ರೋಮಿಯಂ ಸೇರುತ್ತಿತ್ತು. 2010ರ ಆಗಸ್ಟ್‌ನಲ್ಲಿ ಜಗತ್ತಿನಾದ್ಯಂತ ವಾಪಸ್ ಕರೆಸಿಕೊಂಡರು. ಭಾರತದಲ್ಲಿ ಸುಮಾರು 4,700 ಆಪರೇಷನ್ ಆಗಿದ್ದವು. ಇಲ್ಲಿನ ಸರ್ಕಾರ ತಜ್ಞರ ಸಮಿತಿ ಮಾಡಿದ್ದು 2017ರಲ್ಲಿ, ಪರಿಹಾರದ ಸೂತ್ರ ಬಂದದ್ದು 2018ರಲ್ಲಿ. ಕೀಲು ಹಾಕಿಸಿಕೊಂಡವರು ನೋವಿನಲ್ಲಿ ಎರಡನೇ ಆಪರೇಷನ್ ಮಾಡಿಸಿಕೊಂಡು, ಕಾಗದಪತ್ರ ಹಿಡಿದು ಅಲೆಯುವಾಗ, ಅದನ್ನು ಮಾರಿದ ವರ್ಷಗಳ ಬೋನಸ್‌ಗಳ ಲೆಕ್ಕ ಯಾವತ್ತೋ ಮುಗಿದಿತ್ತು.

ಜೈಲು? ಅಪರೂಪಕ್ಕೆ ಆಗಿದೆ. ಅದಕ್ಕೆ ಬುನಾದಿ ಒಂದು ವಿಚಿತ್ರ ಕೇಸು. ಫಿಲಡೆಲ್ಫಿಯಾದ ಆ್ಯಕ್ಮೆ ಮಾರ್ಕೆಟ್ಸ್ ಅನ್ನುವ ದಿನಸಿ ಕಂಪನಿಯ ಬಾಲ್ಟಿಮೋರ್ ಗೋದಾಮಿನಲ್ಲಿ ಇಲಿಗಳಿದ್ದವು. ಕಂಪನಿಗೆ 36,000 ನೌಕರರು. ಅಧ್ಯಕ್ಷ ಪಾರ್ಕ್, ಇದನ್ನು ನೋಡಿಕೊಳ್ಳಲು ಕೆಳಗಿನವರಿಗೆ ಹೇಳಿದ್ದೆ ಅಂದರು. ಸರಿಮಾಡುವ ಅಧಿಕಾರ ನಿಮ್ಮ ಕೈಯಲ್ಲಿತ್ತು, ಅದೇ ಸಾಕು ಅಂತ 1975ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತು. ಅವರಿಗೆ ಬಿದ್ದ ದಂಡ ಬರೀ 250 ಡಾಲರ್. ಆದರೆ ಆಹಾರ, ಔಷಧಿ, ಸಾಧನ ಮಾರುವವರಿಗೆ ಆ ತೀರ್ಪು ಇವತ್ತಿಗೂ ಅನ್ವಯಿಸುತ್ತದೆ. ಅದರ ಬಲದಿಂದಲೇ 2011ರಲ್ಲಿ ಸಿಂಥೆಸ್ ಕಂಪನಿಯ ನಾಲ್ವರು ಅಧಿಕಾರಿಗಳಿಗೆ 5ರಿಂದ 9 ತಿಂಗಳ ಜೈಲು ಶಿಕ್ಷೆ ಆಯಿತು. ಮುರಿದ ಬೆನ್ನುಮೂಳೆಗೆ ಬಳಸಬಾರದು ಎಂದು ಎಚ್ಚರಿಕೆ ಇದ್ದ ಮೂಳೆ ಸಿಮೆಂಟನ್ನು, ಅನುಮತಿಯಿಲ್ಲದೆ ಸರ್ಜನ್‌ಗಳ ಕೈಯಲ್ಲಿ ಪ್ರಯೋಗ ಮಾಡಿಸಿದ್ದರು. ಮೂವರು ರೋಗಿಗಳು ಆಪರೇಷನ್ ಟೇಬಲ್ ಮೇಲೆಯೇ ಸತ್ತರು. ಮರುವರ್ಷ ಜಾನ್ಸನ್ ಅಂಡ್ ಜಾನ್ಸನ್ ಸಿಂಥೆಸ್ ಅನ್ನು ಸುಮಾರು 2,000 ಕೋಟಿ ಡಾಲರ್‌ಗೆ ಕೊಂಡಿತು.

ಜೈಲೇ ಔಷಧಿ ಅಂತ ನನಗೆ ಅನ್ನಿಸುವುದಿಲ್ಲ. ಅದು ಎಲ್ಲಾ ಮುಗಿದ ಮೇಲೆ ಬರುತ್ತದೆ. ಸಂಬಳದ ಲೆಕ್ಕ ಪ್ರತಿ ದಿನ ಕೆಲಸ ಮಾಡುತ್ತದೆ. ಹಾಗಾಗಿ ತಿದ್ದಬೇಕಾದದ್ದು ಅದನ್ನೇ. ನನ್ನ ಕೈಯಲ್ಲಿದ್ದರೆ ಸಾಧನ ಕಂಪನಿಯ ಮುಖ್ಯಸ್ಥರ ಷೇರುಗಳನ್ನು ಸಾಧನದ ಆಯುಸ್ಸಿನಷ್ಟು ಕಾಲ ಮಾರಲು ಬಿಡುವುದಿಲ್ಲ, ಕೆಲಸ ಬಿಟ್ಟು ಹೋದರೂ ಸರಿ. ಹತ್ತು ವರ್ಷ ಬಾಳಬೇಕಾದ ಕೀಲಿಗೆ ಹತ್ತು ವರ್ಷ. ಸುರಕ್ಷತೆಯನ್ನು ಬೋನಸ್ ಪಟ್ಟಿಯಲ್ಲಿ ಶೇ. 10ರ ಒಂದು ಸಾಲಾಗಿ ಇಡುವುದು ಬೇಡ. ಆ ಸಾಲಿನಲ್ಲಿ ಸೊನ್ನೆ ಬಂದರೂ ಉಳಿದ ಶೇ. 90 ಸಿಗುತ್ತದೆ. ಗೊತ್ತಿದ್ದ ದೋಷವನ್ನು ಹೇಳಲು ತಡ ಮಾಡಿದ್ದರೆ ಆ ವರ್ಷಗಳ ಬೋನಸ್ ಪೂರ್ತಿ ಇಲ್ಲ ಅನ್ನಬೇಕು. ಬೇಗ ಹೇಳಿದವರಿಗೆ ಮಾತ್ರ ವಾಪಸಾತಿ ಖರ್ಚನ್ನು ಲೆಕ್ಕದಿಂದ ಬಿಡಬಹುದು. ಆಗ ಬೋರ್ಡಿನವರ ಆ ಹಳೆಯ ವಾದಕ್ಕೂ ಉತ್ತರ ಸಿಕ್ಕ ಹಾಗಾಗುತ್ತದೆ. ದೂರು ನೋಡುವವರ ಸಂಬಳವನ್ನಂತೂ ಕಡತ ಮುಚ್ಚಿದ ವೇಗಕ್ಕೆ ಯಾವ ಕಾರಣಕ್ಕೂ ಕಟ್ಟಬಾರದು.

ನೀವು ಎಂಬಿಎ ಓದುತ್ತಿರುವುದರಿಂದ ಒಂದು ಕೆಲಸ ಹೇಳುತ್ತೇನೆ. ಲಿಸ್ಟ್ ಆಗಿರುವ ಯಾವುದಾದರೂ ಸಾಧನ ಕಂಪನಿಯ ವಾರ್ಷಿಕ ವರದಿ ತೆಗೆಯಿರಿ. ಎಲ್ಲವೂ ವೆಬ್‌ಸೈಟಿನಲ್ಲೇ ಸಿಗುತ್ತದೆ. ಸಂಬಳದ ಅಧ್ಯಾಯದಲ್ಲಿ 'ಅಡ್ಜಸ್ಟೆಡ್' ಅನ್ನುವ ಪದ ಹುಡುಕಿ, ಅದರ ಅಡಿಟಿಪ್ಪಣಿ ಓದಿ, ಯಾವ ಯಾವ ಖರ್ಚನ್ನು ಹೊರಗಿಟ್ಟಿದ್ದಾರೆ ಅಂತ ಬರೆದುಕೊಳ್ಳಿ. ಆಮೇಲೆ ಅದೇ ವರದಿಯಲ್ಲಿ ಕೋರ್ಟ್ ಕೇಸುಗಳ ಟಿಪ್ಪಣಿ ಇರುತ್ತದೆ, ಬಹಳ ಹಿಂದಿನ ಪುಟಗಳಲ್ಲಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಭಾರತದ ಕಂಪನಿಯಾದರೆ ಮುಖ್ಯಸ್ಥರ ಸಂಬಳ ಮಧ್ಯದ ನೌಕರನ ಸಂಬಳದ ಎಷ್ಟು ಪಟ್ಟು ಅನ್ನುವುದೂ ಸೆಕ್ಷನ್ 197ರ ಪ್ರಕಾರ ನಿರ್ದೇಶಕರ ವರದಿಯ ಅನುಬಂಧದಲ್ಲಿ ಇರಲೇಬೇಕು. ಯಾವ ಕಂಪನಿ ಆರಿಸಿದಿರಿ ಅಂತ ಇಲ್ಲೇ ಕೆಳಗೆ ಬರೆಯಿರಿ, ಅಡಿಟಿಪ್ಪಣಿ ಬಿಡಿಸಿ ಓದಲು ನಾನೂ ಜೊತೆಗಿರುತ್ತೇನೆ.